ಕಿರಿಯರು ಹೇಳಿದರೆ ಸಾಕೇ? ಕಾಕ್‌ಪಿಟ್‌ನ ತರಬೇತಿಯನ್ನು ಆಪರೇಷನ್ ಥಿಯೇಟರಿಗೆ ತಂದವರ ಅನುಭವಗಳು

ಪ್ರಶ್ನೆ: ಶಸ್ತ್ರಚಿಕಿತ್ಸಾ ವಿಭಾಗದ ನರ್ಸಿಂಗ್ ಮೇಲ್ವಿಚಾರಕಿ, ಜಿಲ್ಲಾ ಕೇಂದ್ರವೊಂದರ ಖಾಸಗಿ ಆಸ್ಪತ್ರೆ

ಎರಡು ತಿಂಗಳ ಹಿಂದೆ ನಮ್ಮಲ್ಲಿ ಹೊಟ್ಟೆಯ ಶಸ್ತ್ರಚಿಕಿತ್ಸೆಯೊಂದು ಮುಗಿಯುವ ಹೊತ್ತಿಗೆ ಮಾಪ್‌ಗಳ, ಅಂದರೆ ರಕ್ತ ಹೀರಲು ಹೊಟ್ಟೆಯೊಳಗೆ ಇಡುವ ಬಟ್ಟೆಗಳ, ಲೆಕ್ಕದಲ್ಲಿ ಒಂದು ಕಡಿಮೆ ಬಂತು. ಎಣಿಸುತ್ತಿದ್ದ ಕಿರಿಯ ನರ್ಸ್ "ಸರ್, ಒಂದು ಮಾಪ್ ಕಡಿಮೆ ಇದ್ದ ಹಾಗಿದೆ" ಎಂದಳು. "ಸರಿಯಾಗಿ ಎಣಿಸಮ್ಮ" ಎಂಬ ಉತ್ತರ ಶಸ್ತ್ರವೈದ್ಯರಿಂದ ಬಂತು. ಅವಳು ಮತ್ತೊಮ್ಮೆ ಎಣಿಸಿ ಮುಗಿಸುವಷ್ಟರಲ್ಲಿ ಹೊಲಿಗೆಯೂ ಮುಗಿದಿತ್ತು. ಎಕ್ಸ್-ರೇ ತೆಗೆಸಿ, ಅದೇ ರಾತ್ರಿ ಹೊಟ್ಟೆಯನ್ನು ಮತ್ತೆ ತೆರೆಯಬೇಕಾಯಿತು. ರೋಗಿ ಚೇತರಿಸಿಕೊಂಡು ಮನೆಗೆ ಹೋಗಿದ್ದಾರೆ. ಈಗ ಆಡಳಿತ ಮಂಡಳಿಯವರು ನಿವೃತ್ತ ಪೈಲಟ್ ಒಬ್ಬರನ್ನು ಕರೆಸಿ, ವಿಮಾನಯಾನದವರು ಸಿಆರ್‌ಎಂ ಎಂದು ಕರೆಯುವ, ಒತ್ತಡದಲ್ಲಿ ತಂಡವು ತನ್ನ ಮಾತು, ಗಮನ, ನಿರ್ಧಾರಗಳನ್ನು ನಿಭಾಯಿಸುವುದು ಹೇಗೆಂದು ಕಲಿಸುವ ತರಬೇತಿಯನ್ನು ನಮ್ಮ ನರ್ಸ್‌ಗಳಿಗೆ ಒಂದು ದಿನ ಕೊಡಿಸಬೇಕೆಂದಿದ್ದಾರೆ. ಇಂಥದ್ದನ್ನು ಮಾಡಿ ನೋಡಿದವರು, ಫಲ ಸಿಕ್ಕಿದ್ದರೂ ಸಿಗದಿದ್ದರೂ, ದಯವಿಟ್ಟು ತಿಳಿಸಿ.

ಅರಿವಳಿಕೆ ತಜ್ಞೆ, ಮಂಗಳೂರು

ನಿಮ್ಮ ಪ್ರಶ್ನೆಯಲ್ಲಿ "ನರ್ಸ್‌ಗಳಿಗೆ" ಎಂಬಲ್ಲೇ ನನ್ನ ತಕರಾರಿದೆ. ನಿಮ್ಮ ನರ್ಸ್ ಬಾಯಿ ಬಿಟ್ಟು ಹೇಳಿದ್ದಳಲ್ಲ! ಕೇಳಿಸಿಕೊಳ್ಳಬೇಕಾದವರನ್ನು ಹೊರಗಿಟ್ಟು, ಹೇಳಿದವಳಿಗೇ ಹೇಳುವುದನ್ನು ಕಲಿಸುವುದು ಯಾವ ನ್ಯಾಯ?

ನಮ್ಮೂರಿನವರಿಗೆ 2010ರ ಮೇ 22ನ್ನು ನೆನಪಿಸಬೇಕಾಗಿಲ್ಲ. ದುಬೈನಿಂದ ಬಂದ ವಿಮಾನ ಬಜ್ಪೆಯ ಗುಡ್ಡದ ಮೇಲಿನ ರನ್‌ವೇಯನ್ನು ದಾಟಿ ಕಮರಿಗೆ ಬಿದ್ದು 158 ಜನ ತೀರಿಕೊಂಡರು, ಎಂಟು ಮಂದಿ ಉಳಿದರು. ಆ ದಿನ ಸಹಪೈಲಟ್ ಸುಮ್ಮನೆ ಕುಳಿತಿದ್ದರೆಂದು ಬಹಳ ಜನ ತಿಳಿದಿದ್ದಾರೆ, ಅದು ತಪ್ಪು. ಇಳಿಯುವುದನ್ನು ಕೈಬಿಟ್ಟು ಮತ್ತೆ ಮೇಲೇರಬೇಕೆಂದು ಅವರು ಮೂರು ಬಾರಿ ಹೇಳಿದ್ದರು. ಪ್ರಯಾಣದಲ್ಲಿ ಬಹಳ ಹೊತ್ತು ನಿದ್ರಿಸಿ ಎದ್ದಿದ್ದ ಕ್ಯಾಪ್ಟನ್ ಇಳಿಸುವುದನ್ನು ನಿಲ್ಲಿಸಲಿಲ್ಲ. ತನಿಖಾ ವರದಿಯಲ್ಲಿ ನನ್ನ ಕಣ್ಣಿಗೆ ಬಿದ್ದ ಮಾತು ಇದು: ಮತ್ತೆ ಮೇಲೇರುವ ಅಧಿಕಾರ ಸಹಪೈಲಟ್‌ಗೆ ಇದೆಯೇ ಎಂಬ ಬಗ್ಗೆ ಸೂಚನೆಗಳಲ್ಲಿ ಗೊಂದಲವಿದ್ದುದರಿಂದಲೇ ಬಹುಶಃ ಅವರು ಹೇಳಿದರೇ ಹೊರತು ನಿಯಂತ್ರಣವನ್ನು ಕೈಗೆ ತೆಗೆದುಕೊಳ್ಳಲಿಲ್ಲ. ಆದ್ದರಿಂದ ನಾಲಿಗೆಯ ತರಬೇತಿಗೆ ಮೊದಲು, ಮಾತು ಕೇಳದಿದ್ದರೆ ಕಿರಿಯರು ಏನು ಮಾಡಬಹುದು ಎಂಬುದು ಬರಹದಲ್ಲಿ ಇರಬೇಕು.

ನಾವು ಮಾಡಿದ್ದು ಒಂದೇ ಪುಟದ ನಿಯಮ. ಹೊಟ್ಟೆಯನ್ನು ಮುಚ್ಚುವ ಮೊದಲು ಲೆಕ್ಕ ಕೂಡದಿದ್ದರೆ, ಟೇಬಲ್ಲಿನ ಪಕ್ಕ ನಿಂತು ಸಲಕರಣೆ ಕೊಡುವ ಸ್ಕ್ರಬ್ ನರ್ಸ್, ಹೊಲಿಗೆಯ ಸೂಜಿ ಹಿಡಿಯುವ ನೀಡಲ್ ಹೋಲ್ಡರನ್ನು ಶಸ್ತ್ರವೈದ್ಯರ ಕೈಗೆ ಕೊಡುವುದಿಲ್ಲ. ಅದು ಟ್ರೇಯಲ್ಲೇ ಉಳಿಯುತ್ತದೆ. ರೋಗಿಯ ಸ್ಥಿತಿ ಕಾಯುವಂತಿಲ್ಲ ಎನ್ನುವುದಾದರೆ ಶಸ್ತ್ರವೈದ್ಯರು ಅದನ್ನು ಬಾಯಿಬಿಟ್ಟು ಹೇಳಬೇಕು, ನಾವು ಬರೆದುಕೊಳ್ಳುತ್ತೇವೆ, ಸ್ಥಿತಿ ಹಿಡಿತಕ್ಕೆ ಬಂದ ಕೂಡಲೇ ಎಕ್ಸ್-ರೇ ಆಗುತ್ತದೆ. ಆ ಪುಟಕ್ಕೆ ಮೊದಲ ಸಹಿ ಎಲ್ಲರಿಗಿಂತ ಸಿಡುಕಿನ ಹಿರಿಯ ಶಸ್ತ್ರವೈದ್ಯರದ್ದು. ಅವರನ್ನು ಒಪ್ಪಿಸಲು ಹನ್ನೊಂದು ವಾರ ಹಿಡಿಯಿತು; ಉಳಿದದ್ದೆಲ್ಲ ಒಂದು ಮಧ್ಯಾಹ್ನದ ಕೆಲಸ.

ವಿಮಾನ ಸಂಸ್ಥೆಯೊಂದರ ಪೈಲಟ್ ತರಬೇತುದಾರ, ಬೆಂಗಳೂರು

ನಾನು ಮೂರು ಆಸ್ಪತ್ರೆಗಳಲ್ಲಿ ಇಂಥ "ಒಂದು ದಿನ"ವನ್ನು ನಡೆಸಿಕೊಟ್ಟಿದ್ದೇನೆ. ಎರಡರಲ್ಲಿ ಊಟ ಚೆನ್ನಾಗಿತ್ತು, ಅಷ್ಟೇ.

ನಮ್ಮಲ್ಲಿ ಈ ತರಬೇತಿ ಹುಟ್ಟಿದ್ದು ಹೆಣಗಳ ಲೆಕ್ಕದ ಮೇಲೆ. 1977ರಲ್ಲಿ ಟೆನೆರಿಫ್ ದ್ವೀಪದ ಮಂಜಿನಲ್ಲಿ ಎರಡು ಜಂಬೋ ವಿಮಾನಗಳು ಡಿಕ್ಕಿ ಹೊಡೆದು 583 ಜನ ಸತ್ತರು. ಅದಕ್ಕೆ ಕೆಲವೇ ಕ್ಷಣ ಮೊದಲು, ಮೇಲೇರಲು ಓಡತೊಡಗಿದ್ದ ಡಚ್ ವಿಮಾನದ ಫ್ಲೈಟ್ ಎಂಜಿನಿಯರ್, ಇನ್ನೊಂದು ವಿಮಾನ ರನ್‌ವೇ ಬಿಟ್ಟಿಲ್ಲವೇ ಎಂದು ಕೇಳಿದ್ದರು. ಬಿಟ್ಟಿದೆ ಎಂದು ಕ್ಯಾಪ್ಟನ್ ಖಚಿತವಾಗಿ ಹೇಳಿದರು, ಮಾತು ಅಲ್ಲಿಗೆ ಮುಗಿಯಿತು. ಮರುವರ್ಷ ಅಮೆರಿಕದ ಪೋರ್ಟ್‌ಲೆಂಡ್‌ನಲ್ಲಿ ಯುನೈಟೆಡ್ ಸಂಸ್ಥೆಯ ವಿಮಾನವೊಂದು ಚಕ್ರದ ದೋಷವನ್ನು ಪರೀಕ್ಷಿಸುತ್ತಾ ಸುತ್ತುತ್ತಿದ್ದಾಗಲೇ ಇಂಧನ ತೀರಿ ಬಿತ್ತು. ಇಂಧನ ಇಳಿಯುತ್ತಿರುವುದು ಸಿಬ್ಬಂದಿಗೆ ಗೊತ್ತಿತ್ತು, ಕ್ಯಾಪ್ಟನ್ನರ ಗಮನವನ್ನು ಚಕ್ರದಿಂದ ಅತ್ತ ತಿರುಗಿಸುವಷ್ಟು ಗಟ್ಟಿಯಾಗಿ ಯಾರೂ ಹೇಳಲಿಲ್ಲ. 1979ರಲ್ಲಿ ನಾಸಾ ಈ ವಿಷಯದ ಮೇಲೆ ಕಾರ್ಯಾಗಾರ ನಡೆಸಿತು, 1981ರಲ್ಲಿ ಯುನೈಟೆಡ್ ತರಬೇತಿ ಆರಂಭಿಸಿತು.

ಆದರೆ ಆಸ್ಪತ್ರೆಗಳು ಈ ಕಥೆಗಳನ್ನು ಎರವಲು ಪಡೆಯುತ್ತವೆ, ವ್ಯವಸ್ಥೆಯನ್ನಲ್ಲ. ನಾವು ಪದೇ ಪದೇ ಸಿಮ್ಯುಲೇಟರಿಗೆ ಹೋಗುತ್ತೇವೆ, ಕ್ಯಾಪ್ಟನ್ ಮತ್ತು ಸಹಪೈಲಟ್ ಒಟ್ಟಿಗೇ ಹೋಗುತ್ತೇವೆ, ಮತ್ತು ಅಲ್ಲಿ ನಪಾಸಾಗುವ ಸಾಧ್ಯತೆ ನಿಜವಾಗಿಯೂ ಇರುತ್ತದೆ. ಹಾರುವ ಹಂತವನ್ನು ಅವಲಂಬಿಸಿ, ಎರಡು ಬಾರಿ ಕರೆದರೂ ಇನ್ನೊಬ್ಬ ಪೈಲಟ್ ಸರಿಯಾಗಿ ಉತ್ತರಿಸದಿದ್ದರೆ ಆತ ಅಶಕ್ತನಾಗಿದ್ದಾನೆಂದು ಭಾವಿಸಿ ನಿಯಂತ್ರಣ ತೆಗೆದುಕೊಳ್ಳುವ ಅಭ್ಯಾಸ ನಮಗೆ ಹೀಗೆಯೇ ಮೈಗೂಡಿದ್ದು. ನಿಮ್ಮ ಮಂಡಳಿಗೆ ಹಣ ಕಡಿಮೆಯಿದ್ದರೆ ನನ್ನಂಥವನನ್ನು ಕರೆಸುವುದನ್ನು ಬಿಟ್ಟು, ತಿಂಗಳಿಗೊಮ್ಮೆ ಇಪ್ಪತ್ತು ನಿಮಿಷ, ನಿಮ್ಮದೇ ಥಿಯೇಟರಿನಲ್ಲಿ, ನಿಮ್ಮದೇ ತಂಡದಿಂದ ಮಾಪ್ ಕಳೆದುಹೋದ ಸನ್ನಿವೇಶವನ್ನು ಆಡಿಸಿ. ಶಸ್ತ್ರವೈದ್ಯರ ಪಾತ್ರವನ್ನು ಶಸ್ತ್ರವೈದ್ಯರೇ ವಹಿಸಲಿ.

ಸ್ಕ್ರಬ್ ನರ್ಸ್, ಈಗ ಐರ್ಲೆಂಡಿನಲ್ಲಿ, ಮೊದಲು ಹುಬ್ಬಳ್ಳಿಯಲ್ಲಿ

ನಿಮ್ಮ ನರ್ಸ್ ಆಡಿದ ಮಾತನ್ನು ಮತ್ತೊಮ್ಮೆ ಓದಿ: "ಕಡಿಮೆ ಇದ್ದ ಹಾಗಿದೆ." ಕಡಿಮೆ ಇದೆ ಎಂಬುದನ್ನು ಕಡಿಮೆ ಇದ್ದ ಹಾಗಿದೆ ಎನ್ನುವುದು, ನಿಲ್ಲಿಸಿ ಎನ್ನುವ ಬದಲು ಒಂದ್ಸಲ ನೋಡ್ತೀರಾ ಎನ್ನುವುದು, ಕೊನೆಗೆ ಏನೋ ಎಂದು ಬಾಲ ಸೇರಿಸುವುದು ನಮ್ಮಲ್ಲಿ ಮರ್ಯಾದೆ. ಮನೆಯಲ್ಲಿ ಅದು ಚೆಂದ, ಟೇಬಲ್ಲಿನ ಪಕ್ಕ ಅದು ಅಪಾಯ. ಅದಕ್ಕಾಗಿ ನಾವು ಹುಬ್ಬಳ್ಳಿಯಲ್ಲಿ ಒಂದು ವಾಕ್ಯವನ್ನು ಮೊದಲೇ ಗೊತ್ತುಮಾಡಿಕೊಂಡಿದ್ದೆವು: "ಸರ್, ಲೆಕ್ಕ ಕೂಡಿಲ್ಲ, ಮುಚ್ಚುವುದನ್ನು ನಿಲ್ಲಿಸಿ." ಸರ್ ಎಂಬುದು ಉಳಿಯಿತು, ಸಂಶಯ ಮಾತ್ರ ಹೋಯಿತು. ವಾಕ್ಯ ಎಲ್ಲರದ್ದಾದ್ದರಿಂದ ಅದನ್ನು ಆಡಿದವಳನ್ನು ಯಾರೂ ಉದ್ಧಟಳೆನ್ನಲಿಲ್ಲ.

ಇಲ್ಲಿ ನಮಗೆ ಇಲೇನ್ ಬ್ರೊಮಿಲಿ ಅವರ ಪ್ರಕರಣವನ್ನು ಕಲಿಸಿದರು. 2005ರಲ್ಲಿ ಇಂಗ್ಲೆಂಡಿನಲ್ಲಿ ಸೈನಸ್‌ನ ಸಾಮಾನ್ಯ ಶಸ್ತ್ರಚಿಕಿತ್ಸೆಗೆಂದು ಹೋದ ಅವರಿಗೆ ಅರಿವಳಿಕೆಯ ನಂತರ ಉಸಿರಿನ ದಾರಿ ಸಿಗಲಿಲ್ಲ. ಅನುಭವಿ ವೈದ್ಯರು ಗಂಟಲಿಗೆ ನಳಿಕೆ ತೂರಿಸುವ ಯತ್ನದಲ್ಲೇ ಮುಳುಗಿ ಹೊತ್ತು ಹೋದದ್ದನ್ನು ಮರೆತರು. ಕತ್ತಿನಲ್ಲಿ ದಾರಿ ಮಾಡುವ ಸಲಕರಣೆಯನ್ನು ನರ್ಸ್ ಒಬ್ಬರು ತಂದಿಟ್ಟಿದ್ದರು, ಅದನ್ನು ಬಳಸಲಿಲ್ಲ. ಹದಿಮೂರು ದಿನಗಳ ನಂತರ ಅವರು ತೀರಿಕೊಂಡರು. ಗಂಡ ಮಾರ್ಟಿನ್ ಪೈಲಟ್. ಯಾರನ್ನು ಶಿಕ್ಷಿಸಬೇಕೆಂದು ಕೇಳದೆ ಏನಾಯಿತೆಂದು ಕೇಳಿದ ಅವರೇ ಮುಂದೆ ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಈ ಚಿಂತನೆಯನ್ನು ಬೆಳೆಸಿದರು.

ಒಂದು ಎಚ್ಚರಿಕೆ: ಪರಿಶೀಲನಾ ಪಟ್ಟಿಯನ್ನು ನೆಚ್ಚಿ ಕೂರಬೇಡಿ. ಅರಿವಳಿಕೆಗೆ ಮೊದಲು, ಕೊಯ್ಯುವ ಮೊದಲು, ರೋಗಿ ಥಿಯೇಟರಿನಿಂದ ಹೊರಹೋಗುವ ಮೊದಲು ಹೀಗೆ ಮೂರು ಹಂತಗಳಲ್ಲಿ ಓದಿ ಟಿಕ್ ಹಾಕುವ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯನ್ನು ದೆಹಲಿಯೂ ಸೇರಿದಂತೆ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಬಳಸಿದಾಗ ಸಾವಿನ ಪ್ರಮಾಣ ಶೇ. 1.5ರಿಂದ 0.8ಕ್ಕೆ ಇಳಿಯಿತೆಂದು 2009ರಲ್ಲಿ ಪ್ರಕಟವಾಯಿತು. ಕೆನಡಾದ ಒಂಟಾರಿಯೊದ 101 ಆಸ್ಪತ್ರೆಗಳಲ್ಲಿ ಅದನ್ನು ಕಡ್ಡಾಯ ಮಾಡಿದ ಮೇಲೆ ಗಮನಾರ್ಹ ಇಳಿಕೆ ಕಾಣಲಿಲ್ಲ. ನನಗೇನೂ ಆಶ್ಚರ್ಯವಾಗಲಿಲ್ಲ. ರೋಗಿ ಒಳಗೆ ಬರುವ ಮೊದಲೇ ಮೂರೂ ಹಂತಗಳಿಗೆ ಟಿಕ್ ಬಿದ್ದಿರುವ ಹಾಳೆಯನ್ನು ನಾನೇ ಎಷ್ಟೋ ಬಾರಿ ಫೈಲಿಗೆ ಹಾಕಿದ್ದೇನೆ.

ಪಾಳಿ ಉಸ್ತುವಾರಿ, ರಾಸಾಯನಿಕ ಕಾರ್ಖಾನೆ

ಆಸ್ಪತ್ರೆಯ ವಿಷಯ ನನಗೆ ತಿಳಿಯದು. ನಮ್ಮಲ್ಲಿ ಟ್ಯಾಂಕಿನೊಳಗೆ ಇಳಿಯುವ ಕೆಲಸವನ್ನು ಯಾವ ಕಾರ್ಮಿಕನಾದರೂ ನಿಲ್ಲಿಸಬಹುದೆಂಬ ಬೋರ್ಡು ಬಹಳ ವರ್ಷ ತೂಗಾಡುತ್ತಿತ್ತು, ಯಾರೂ ನಿಲ್ಲಿಸುತ್ತಿರಲಿಲ್ಲ. ಒಮ್ಮೆ ಗುತ್ತಿಗೆ ಹುಡುಗನೊಬ್ಬ ನಿಲ್ಲಿಸಿದ. ವಿಷಾನಿಲ ಇರಲಿಲ್ಲ, ಅದನ್ನು ಅಳೆಯುವ ಮೀಟರಿನ ಬ್ಯಾಟರಿ ಹೋಗಿತ್ತು, ಎರಡು ಗಂಟೆ ವ್ಯರ್ಥವಾಯಿತು. ಮ್ಯಾನೇಜರ್ ಎಲ್ಲರೆದುರು ಅವನಿಗೆ ಚಹಾ ತರಿಸಿ ಕೊಟ್ಟರು. ಅಂದಿನಿಂದ ಜನ ನಿಲ್ಲಿಸತೊಡಗಿದರು. ಆದ್ದರಿಂದ ಮೊದಲ ಸುಳ್ಳು ಎಚ್ಚರಿಕೆ ಬಂದ ದಿನ ನಿಮ್ಮ ಶಸ್ತ್ರವೈದ್ಯರು ಏನನ್ನುತ್ತಾರೆ ಎಂಬುದನ್ನು ಈಗಲೇ ಅವರೊಂದಿಗೆ ಮಾತಾಡಿಕೊಳ್ಳಿ.

ಪ್ರಶ್ನೆ ಕೇಳಿದವರ ಮರುಮಾತು

ಎಲ್ಲರಿಗೂ ಧನ್ಯವಾದಗಳು. ಪೈಲಟ್ ಅವರ ದಿನವನ್ನು ಸದ್ಯಕ್ಕೆ ಮುಂದೂಡಿಸಿದ್ದೇನೆ. ಮಂಗಳೂರಿನವರು ಹೇಳಿದಂಥ ಒಂದು ಪುಟವನ್ನು ಬರೆದು ನಮ್ಮ ಶಸ್ತ್ರವೈದ್ಯರ ಮುಂದಿಟ್ಟೆ. ಅವರು ಎರಡು ಸಲ ಓದಿ, "ಸ್ಥಿತಿ ಕಾಯುವಂತಿಲ್ಲ ಎಂದು ತೀರ್ಮಾನಿಸುವವರು ನಾನೊಬ್ಬನೇನಾ, ಅರಿವಳಿಕೆಯವರೂ ಇರಬೇಕಾ?" ಎಂದು ಕೇಳಿದರು. ಸಹಿ ಇನ್ನೂ ಆಗಿಲ್ಲ. ಆ ಸಾಲನ್ನು ತಿದ್ದಿಕೊಂಡು ಸೋಮವಾರ ಮತ್ತೆ ಹೋಗುತ್ತೇನೆ.