ಬಿವಿಎ ಮುಗೀತು: ಮೇಷ್ಟ್ರ ಕೆಲಸ, ಸಂಶೋಧನೆ, ಊರಿನ ಕೆಲಸ — ಯಾವುದಕ್ಕೆ ಏನು ಬೇಕು?

ಕುಂಚದ ಹುಡುಗ:
ಎಲ್ಲರಿಗೂ ನಮಸ್ಕಾರ. ನಾಲ್ಕು ವರ್ಷದ ಬಿವಿಎ (ದೃಶ್ಯಕಲೆ ಪದವಿ) ಪೇಂಟಿಂಗ್, 71%. ವಯಸ್ಸು 24, ಊರು ಸಾಗರದ ಕಡೆ. ಗ್ಯಾಲರಿ ನಂಬಿ ಹೊಟ್ಟೆ ಹೊರೆಯೋದು ಕಷ್ಟ. ಕಲಿಸೋದು, ನಮ್ಮ ಕಡೆ ದೀವರ ಮನೆಗೋಡೆಯ ಹಸೆ ಚಿತ್ತಾರದ ಮೇಲೆ ಸಂಶೋಧನೆ, ಶಾಲೆಗಳ ಜೊತೆ ಕೆಲಸ, ಈ ಮೂರರ ಮೇಲೂ ಮನಸ್ಸಿದೆ. ಎಂವಿಎ (ಸ್ನಾತಕೋತ್ತರ) ಮಾಡದೆ ಯಾವುದು ಸಾಧ್ಯ? ಕಾಲೇಜು ಮೇಷ್ಟ್ರ ಅರ್ಹತಾ ಪರೀಕ್ಷೆಯಲ್ಲಿ ಕೇಂದ್ರದ ನೆಟ್ ಬರೀಬೇಕಾ, ರಾಜ್ಯದ ಕೆಸೆಟ್ ಸಾಕಾ? ಫೆಲೋಶಿಪ್‌ಗೆ ಯಾವಾಗ ಅರ್ಜಿ ಹಾಕಬೇಕು? ತಿಳಿದವರು ಬಿಡಿಸಿ ಹೇಳಿ.

ಹಲಗೆಬಳಪ:
ಕಲಿಸೋ ವಿಷಯದಿಂದ ಶುರು ಮಾಡ್ತೀನಿ. ಶಾಲೆ ಬೇರೆ, ಕಾಲೇಜು ಬೇರೆ. ಎರಡನ್ನೂ ಒಂದೇ ತಯಾರಿಯಲ್ಲಿ ಮುಗಿಸೋಕೆ ಹೋದವರು ಎರಡೂ ಕಡೆ ಒದ್ದಾಡ್ತಾರೆ.

ಶಾಲೆಗೆ ಎಂವಿಎ ಬೇಡ. ಕೇಂದ್ರೀಯ ವಿದ್ಯಾಲಯ, ನವೋದಯಗಳಲ್ಲಿ ಕಲಾ ಶಿಕ್ಷಕರ ಹುದ್ದೆ ಕೇಂದ್ರದ ವೇತನ ಶ್ರೇಣಿಯ ಲೆವೆಲ್ 7, ಮೂಲ ವೇತನ 44,900ರಿಂದ ಶುರು. ನವೋದಯ ವಸತಿ ಶಾಲೆ, ಅಂದರೆ ಸಂಜೆ ಆರಕ್ಕೆ ಕೆಲಸ ಮುಗಿಯಲ್ಲ. ಹಾಸ್ಟೆಲ್ ಜವಾಬ್ದಾರಿಯೂ ಹೆಗಲೇರುತ್ತೆ. ಅಧಿಸೂಚನೆ ಬಂದಾಗ ಸಂಬಳದ ಸಾಲಿಗಿಂತ ಮೊದಲು ವಿದ್ಯಾರ್ಹತೆಯ ಸಾಲು ಓದಿ. ಪದವಿಯ ಹೆಸರು ಅಲ್ಲಿ ಹೇಗೆ ಬರೆದಿದೆ, ನಿಮ್ಮ ಅಂಕಪಟ್ಟಿಯಲ್ಲಿ ಹೇಗಿದೆ ಅಂತ ಪದಕ್ಕೆ ಪದ ಹೋಲಿಸಿ. 'ಡ್ರಾಯಿಂಗ್ ಅಂಡ್ ಪೇಂಟಿಂಗ್' ಅಂತ ಕೇಳಿದ ಕಡೆ ನಿಮ್ಮ ಪ್ರಮಾಣಪತ್ರದಲ್ಲಿ ಬರೀ 'ವಿಷುವಲ್ ಆರ್ಟ್ಸ್' ಅಂತಿದ್ದರೆ ದಾಖಲೆ ಪರಿಶೀಲನೆ ದಿನ ತಲೆನೋವು. ವಿಶೇಷ ವಿಷಯ ಯಾವುದೆಂದು ನಮೂದಿಸಿದ ಪತ್ರವನ್ನು ಕಾಲೇಜಿಂದ ಈಗಲೇ ತಗೊಂಡಿಡಿ.

ಕಾಲೇಜಿಗೆ ಹೆಚ್ಚಾಗಿ ಸ್ನಾತಕೋತ್ತರ ಪದವಿ ಬೇಕು: ಸಾಮಾನ್ಯ ವರ್ಗಕ್ಕೆ 55%, ಮೀಸಲಾತಿ ಇದ್ದವರಿಗೆ 50%. ಆಮೇಲೆ ನೆಟ್ ಅಥವಾ ಕೆಸೆಟ್. ದೃಶ್ಯಕಲೆಯ ನೆಟ್ ಕೋಡ್ 79. ಮೂರು ಗಂಟೆ, ಎರಡು ಪತ್ರಿಕೆ: ಮೊದಲನೆಯದು 50 ಪ್ರಶ್ನೆ, ಎರಡನೆಯದು 100, ತಲಾ 2 ಅಂಕ. ತಪ್ಪಿಗೆ ಅಂಕ ಕಳೆಯಲ್ಲ, ಹಾಗಾಗಿ ಒಂದನ್ನೂ ಖಾಲಿ ಬಿಡಬೇಡಿ. ನಮ್ಮವರು ಬೀಳೋದು ಕಲೆಯ ಪ್ರಶ್ನೆಗಳಲ್ಲಲ್ಲ, ಮೊದಲ ಪತ್ರಿಕೆಯಲ್ಲಿ: ಕೋಷ್ಟಕ ನೋಡಿ ಲೆಕ್ಕ ಹಾಕೋದು, ತರ್ಕ, ಬೋಧನಾ ವಿಧಾನ. ದಿನಕ್ಕೆ ಅರ್ಧ ಗಂಟೆ, ನಾಲ್ಕು ತಿಂಗಳು ಅದಕ್ಕೇ ಮೀಸಲಿಡಿ. ಎರಡನೆಯದರಲ್ಲಿ ಕಾಲಾನುಕ್ರಮದಲ್ಲಿ ಜೋಡಿಸಿ, ಹೊಂದಿಸಿ ಬರೆಯಿರಿ, ಹೇಳಿಕೆ-ಕಾರಣ, ಇಂಥವೇ ಜಾಸ್ತಿ. ಷಡಂಗ (ಚಿತ್ರಕಲೆಯ ಆರು ಅಂಗ), ರಸ ಸಿದ್ಧಾಂತವನ್ನೆಲ್ಲ ಕನ್ನಡದಲ್ಲಿ ಅರಗಿಸಿಕೊಂಡವರು ಇಂಗ್ಲಿಷ್ ಪಾರಿಭಾಷಿಕ ಪದಗಳನ್ನು ಬೇರೆಯಾಗಿ ಬರೆದು ಕಲಿಯಲೇಬೇಕು, ಯಾಕೆಂದರೆ ಈ ಪತ್ರಿಕೆ ಇರೋದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ.

ಕೆಸೆಟ್ ಅರ್ಹತೆ ಕರ್ನಾಟಕದೊಳಗೆ ಮಾತ್ರ ನಡೆಯುತ್ತೆ, ಅದರಿಂದ ಸಂಶೋಧಕರಿಗೆ ನೆಟ್ ಮೂಲಕ ಸಿಗೋ ಜೆಆರ್‌ಎಫ್ ಹಣ ಬರಲ್ಲ. ಮೊದಲು ಮೈಸೂರು ವಿವಿ ನಡೆಸ್ತಿತ್ತು, 2023ರಿಂದ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ). ಹೊರ ರಾಜ್ಯಕ್ಕೆ ಹೋಗೋ ಯೋಚನೆ ಇಲ್ಲದಿದ್ದರೂ ಎರಡನ್ನೂ ಬರೀರಿ. ಓದೋ ಪಠ್ಯ ಹೆಚ್ಚುಕಮ್ಮಿ ಅದೇ.

ಕೆಮ್ಮಣ್ಣು:
ಸಂಶೋಧನೆ ಬಗ್ಗೆ. ನಿಮ್ಮ 24 ಅನ್ನೋ ಸಂಖ್ಯೆ ನೋಡಿ ಮೊದಲು ಇದನ್ನೇ ಹೇಳಬೇಕು ಅನ್ನಿಸಿತು. ಕೇಂದ್ರ ಸಂಸ್ಕೃತಿ ಸಚಿವಾಲಯದ ಯುವ ಕಲಾವಿದರ ವಿದ್ಯಾರ್ಥಿವೇತನ 18ರಿಂದ 25 ವಯಸ್ಸಿನವರಿಗೆ: ತಿಂಗಳಿಗೆ 5,000, ಎರಡು ವರ್ಷ. ಅದು ಗುರುವಿನ ಬಳಿ ಮುಂದಿನ ತರಬೇತಿಗೆ ಕೊಡೋದು, ಸಂಶೋಧನೆಗಲ್ಲ. ಐದು ವರ್ಷ ಕಲಿತ ದಾಖಲೆ ಕೇಳ್ತಾರೆ. ನಿಮ್ಮದು ನಾಲ್ಕು ವರ್ಷದ ಪದವಿ, ಆದ್ದರಿಂದ ಅದಕ್ಕೂ ಮುಂಚೆ ಯಾರ ಹತ್ತಿರ ಕಲಿತಿದ್ದರೋ ಅವರ ಸಹಿ ಬೇಕಾಗುತ್ತೆ. 25 ದಾಟಿದ ಮೇಲೆ ಜೂನಿಯರ್ ಫೆಲೋಶಿಪ್: 25ರಿಂದ 40, ತಿಂಗಳಿಗೆ 10,000, ಇದೂ ಎರಡು ವರ್ಷ. ಎರಡನ್ನೂ ನೋಡಿಕೊಳ್ಳೋದು ಆ ಸಚಿವಾಲಯದ ಕೆಳಗಿನ ಸಂಸ್ಥೆ ಸಿಸಿಆರ್‌ಟಿ. ಹಸೆ ಚಿತ್ತಾರಕ್ಕೆ ಸರಿಹೊಂದೋದು ಈ ಎರಡನೆಯದು.

ಆದರೆ 'ಹಸೆ ಚಿತ್ತಾರ: ಒಂದು ಅಧ್ಯಯನ' ಅಂತ ಕಳಿಸಬೇಡಿ. ದೀವರ ಹಸೆ ಬಗ್ಗೆ ಅಕ್ಕಿಹಿಟ್ಟಿನ ಬಿಳಿ, ಕೆಮ್ಮಣ್ಣು, ಹುರಿದು ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ, ಇಷ್ಟನ್ನು ಈಗಾಗಲೇ ಎಲ್ಲರೂ ಬರೆದಾಗಿದೆ. ಅರ್ಜಿ ಓದುವವರು ಹುಡುಕೋದು ಒಂದು ಪ್ರಶ್ನೆಯನ್ನು. ಉದಾಹರಣೆಗೆ: ಮಣ್ಣಿನ ಗೋಡೆ ಹೋಗಿ ಸಿಮೆಂಟು ಗೋಡೆ, ಆಮೇಲೆ ಹಾಳೆ, ಕ್ಯಾನ್ವಾಸು ಬಂದಾಗ ಎಳೆಯ, ಅಂದರೆ ಗೆರೆಯ, ದಪ್ಪ ಏನಾಯಿತು? ಪುಂಡಿ ನಾರು ಹೀರಿಕೊಂಡ ಬಣ್ಣ ಒರಟು ಗೋಡೆಯ ಮೇಲೆ ನಿಂತಂತೆ ನುಣುಪು ಹಾಳೆಯ ಮೇಲೆ ನಿಲ್ಲಲ್ಲ, ಹರಡುತ್ತೆ. ಹಸೆ ಬರೆಯುವವರು ಅದಕ್ಕೆ ಏನು ಉಪಾಯ ಮಾಡಿಕೊಂಡಿದ್ದಾರೆ? ಇದು ಚಿತ್ರಕಾರನ ಕಣ್ಣಿಗೆ ಮಾತ್ರ ಕಾಣೋ ಪ್ರಶ್ನೆ, ಸಮಾಜಶಾಸ್ತ್ರದವರಿಗೆ ಹೊಳೆಯಲ್ಲ. ಎಷ್ಟು ಊರು, ಎಷ್ಟು ಮನೆ, ಯಾವ ತಿಂಗಳು ಅಂತ ಸಂಖ್ಯೆಯಲ್ಲಿ ಬರೀರಿ. ಮದುವೆ ಕಾಲದಲ್ಲಿ ಹೋದರೆ ಗೋಡೆ ಮೇಲೆ ಬರೆಯೋದು ಸಿಗುತ್ತೆ, ಆಷಾಢದಲ್ಲಿ ಹೋದರೆ ಬರೀ ಮಾತು ಸಿಗುತ್ತೆ.

ಬಜೆಟ್ಟಿನಲ್ಲಿ ಹಸೆ ಬರೆಯುವ ಹೆಂಗಸರಿಗೆ ಸಂಭಾವನೆಯ ಸಾಲು ಇರಲಿ. ಒಂದು ದಿನ ಕೂರಿಸಿಕೊಂಡು ಬರೆಸಿ, ಫೋಟೋ ತೆಗೆದು, 'ಜನಪದ ಕಲಾವಿದೆ' ಅಂತ ಹೆಸರಿಲ್ಲದೆ ಅಚ್ಚು ಹಾಕೋದು ಇನ್ನೂ ನಡೀತಿದೆ, ಅಸಹ್ಯ. ಫೋಟೋಗೆ ಹೆಸರು, ಊರು ಹಾಕಬಹುದೇ ಅಂತ ಕೇಳಿ, ಒಪ್ಪಿಗೆಯನ್ನು ಕನ್ನಡದಲ್ಲೇ ಬರೆಸಿಕೊಳ್ಳಿ. ಓದಲು ಬಾರದವರಾದರೆ ಓದಿ ಹೇಳಿ ದನಿ ಮುದ್ರಿಸಿಕೊಳ್ಳಿ.

ಇನ್ನೊಂದು ದಾರಿ ಕಲೆಯ ಕೆಲಸಕ್ಕೆ ಧನಸಹಾಯ ಕೊಡೋ ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್. ಪ್ರಸ್ತಾವವನ್ನು ಕನ್ನಡದಲ್ಲೇ ಬರೆಯಬಹುದು. ಅವರ 'ಕಲಿ-ಕಲಿಸು' ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಕಲೆಯ ಮೂಲಕ ಕಲಿಕೆಗೆ ಇರೋದು. ನಿಮ್ಮ ಮೂರನೇ ಆಸೆಗೂ ಅದು ನೇರ ಬಾಗಿಲು. ಪಿಎಚ್‌ಡಿ ಬೇಕೆಂದರೆ ಹಂಪಿ ಕನ್ನಡ ವಿವಿಯಲ್ಲಿ ಪ್ರಬಂಧ ಕನ್ನಡದಲ್ಲೇ ಬರೆಯಬಹುದು.

ಕುಂಚದ ಹುಡುಗ:
ಇಬ್ಬರಿಗೂ ವಂದನೆ. ಒಂದು ಸಣ್ಣ ಪ್ರಶ್ನೆ: ಪಕ್ಕದೂರಿನ ಶಾಲೆಯ ಅಭಿವೃದ್ಧಿ-ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿಯವರು 20 ಅಡಿ ಉದ್ದ, 8 ಅಡಿ ಎತ್ತರದ ಹೊರಗೋಡೆಗೆ ಮಕ್ಕಳ ಜೊತೆ ಚಿತ್ರ ಮಾಡಿಕೊಡಿ ಅಂದಿದ್ದಾರೆ. ಎಷ್ಟು ಕೇಳಲಿ, ಹೇಗೆ ಮಾಡಲಿ?

ಗೋಡೆಮೇಷ್ಟ್ರು:
ಮೊದಲು ಗೋಡೆ ನೋಡಿ, ಆಮೇಲೆ ರೇಟು. ಉಗುರಲ್ಲಿ ಕೆರೆದಾಗ ಬಿಳಿ ಪುಡಿ ಬಂದರೆ ಅದು ಸುಣ್ಣ. ಅದರ ಮೇಲೆ ನೇರ ಎಮಲ್ಷನ್ ಪೇಂಟು ಹೊಡೆದರೆ ಮುಂದಿನ ಮಳೆಗಾಲಕ್ಕೆ ಸುಣ್ಣದ ಸಮೇತ ಹಪ್ಪಳದ ಹಾಗೆ ಎದ್ದು ಬರುತ್ತೆ. ಲೋಹದ ಪಟ್ಟಿಯಲ್ಲಿ ಕೆರೆಸಿ, ತೊಳೆದು, ಒಣಗಿಸಿ. ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಬದಿ ಟೇಪು ಹಾಕಿ ರಾತ್ರಿಯಿಡೀ ಬಿಡಿ. ಬೆಳಗ್ಗೆ ಒಳಗೆ ಬೆವರಿದ್ದರೆ ಗೋಡೆಗೆ ತೇವ ಇದೆ, ಕೆಲಸ ಹಿಡಿಯಬೇಡಿ. ಮಲೆನಾಡಲ್ಲಿ ಫೆಬ್ರವರಿ, ಮಾರ್ಚ್ ಬಿಟ್ಟು ಬೇರೆ ತಿಂಗಳು ನಂಬಬೇಡಿ.

ನಿಮ್ಮದು 160 ಚದರಡಿ. ಹೊರಗೋಡೆ ಪ್ರೈಮರ್ 2 ಲೀಟರ್, ಬಿಳಿ ಎಕ್ಸ್‌ಟೀರಿಯರ್ ಎಮಲ್ಷನ್ ಎರಡು ಸಲ ಬಳಿಯೋಕೆ 3 ಲೀಟರ್, ಚಿತ್ರದ ಬಣ್ಣಕ್ಕೆ ಇನ್ನೊಂದು 2 ಲೀಟರ್. ಸ್ಟೈನರ್ (ಗಟ್ಟಿ ಬಣ್ಣದ ದ್ರವ) ಕಲಸುವಾಗ ಲೀಟರಿಗೆ 50 ಮಿಲಿ ದಾಟಬೇಡಿ. ಗಾಢ ಬರಲಿ ಅಂತ ಸುರಿದರೆ ಬಣ್ಣ ಒಣಗಲ್ಲ, ಒಣಗಿದರೂ ಮುಟ್ಟಿದ ಕೈಗೆ ಹತ್ತುತ್ತೆ. ಗಾಢ ಕೆಂಪು, ನೀಲಿ ಬೇಕಿದ್ದರೆ ಅಂಗಡಿಯಲ್ಲೇ ಕಲಸಿಸಿ. ಕೆಳಗಿನ ಒಂದೂವರೆ ಅಡಿಗೆ ಕೆಮ್ಮಣ್ಣಿನ ಬಣ್ಣ ಬಳಿದುಬಿಡಿ, ಹೆಂಚಿನ ನೀರು ಬಿದ್ದು ಸಿಡಿಯುವ ಕೆಸರು ಕಾಣಲ್ಲ.

ಮಕ್ಕಳು ಒಂದು ಸಲಕ್ಕೆ ಎಂಟು ಜನ, ಅದಕ್ಕಿಂತ ಹೆಚ್ಚು ಬೇಡ. ಅವರ ಕೈಗೆ ಎಟುಕುವ ಪಟ್ಟಿ ಬಿಟ್ಟುಕೊಡಿ, ಏಣಿ ಹತ್ತೋದು ದೊಡ್ಡವರು ಮಾತ್ರ. ಮತ್ತೆ ದಯವಿಟ್ಟು ಕಾರ್ಟೂನ್ ಬೊಂಬೆ ಬೇಡ. ಗೋಡೆಗೆ ಎತ್ತರ ಅಳೆಯೋ ಅಳತೆಪಟ್ಟಿ, ಬಾಗಿಲು ಎಷ್ಟು ತೆರೆದಿದೆ ಅಂತ ತೋರಿಸೋಕೆ ನೆಲದ ಮೇಲೆ ಕೋನದ ಗುರುತುಗಳು, ಅಂಚಿಗೆ ಮಕ್ಕಳ ಮನೆಯ ಹಸೆ ಎಳೆಗಳು: ಹತ್ತು ವರ್ಷ ಬಳಕೆಯಾಗೋದು ಇಂಥದ್ದು.

ರೇಟು ಹೀಗೆ ಕಟ್ಟಿ: ಸಾಮಾನು ಬಿಲ್ಲಿನ ಪ್ರಕಾರ, ನಿಮ್ಮ ದಿನಗೂಲಿ ಆರು ದಿನಕ್ಕೆ (ಗೋಡೆ ತಯಾರಿಯ ಎರಡು ದಿನ ಸೇರಿ, ಎಲ್ಲರೂ ಇದನ್ನೇ ಮರೆಯೋದು), ಬಸ್ ಖರ್ಚು, ಮೇಲೆ ಹತ್ತು ಪರ್ಸೆಂಟ್. ಅರ್ಧ ಮುಂಗಡ. ಎಸ್‌ಡಿಎಂಸಿ ನಡಾವಳಿಯಲ್ಲಿ ಬರೆಸಿ. ಮುಗಿದ ದಿನವೇ ದಿನಾಂಕ, ಮಕ್ಕಳ ಸಂಖ್ಯೆ, ತರಗತಿ ನಮೂದಿಸಿದ ಪತ್ರವನ್ನು ಶಾಲೆಯ ಲೆಟರ್‌ಹೆಡ್ಡಿನಲ್ಲಿ ತಗೊಳ್ಳಿ. ಮೇಲೆ ಹೇಳಿದ ಅರ್ಜಿಗಳಿಗೆಲ್ಲ ಲಗತ್ತಿಸೋಕೆ ಆಗೋದು ಆ ಪತ್ರ. ಫೇಸ್‌ಬುಕ್ ಫೋಟೋ ಲೆಕ್ಕಕ್ಕಿಲ್ಲ.

ಹಲಗೆಬಳಪ:
ನನ್ನದೊಂದು ತಿದ್ದುಪಡಿ. ನಾಲ್ಕು ವರ್ಷದ ಪದವಿಯಲ್ಲಿ 75% ಇದ್ದವರು 2024ರಿಂದ ಎಂವಿಎ ಇಲ್ಲದೆಯೂ ಪಿಎಚ್‌ಡಿ ಪ್ರವೇಶಕ್ಕೆ ನೆಟ್ ಬರೆಯಬಹುದು, ಉಪನ್ಯಾಸಕ ಹುದ್ದೆಗೆ ಮಾತ್ರ ಆಗಲ್ಲ. ಕುಂಚದ ಹುಡುಗರದ್ದು 71, ಹಾಗಾಗಿ ಆ ಬಾಗಿಲು ಸಿಗೋದು ಮೀಸಲಾತಿಯ ವಿನಾಯಿತಿ ಇದ್ದರೆ ಮಾತ್ರ. ಇಲ್ಲದಿದ್ದರೆ ಈ ವರ್ಷವೇ ಎಂವಿಎ ಅರ್ಜಿ ಹಾಕಿ. ಗೋಡೆ ಕೆಲಸ ಹೇಗೂ ಮಾರ್ಚಿಗೆ ಮುಗಿಯುತ್ತಲ್ಲ.