ಕವಲೊಡೆದ ಬೇವು, ಹೀಚು ಕಚ್ಚಿದ ಎಳೆ ಮಾವು: ಪಿಯುಸಿ ಮುಗಿಸಿದ ಮಕ್ಕಳಿಗೆ ಆಯ್ಕೆಯ ಬಗ್ಗೆ ಮರದಲ್ಲಿ ಏನು ತೋರಿಸಬಹುದು?

ಬೇಲಿಸಾಲು

ದ್ವಿತೀಯ ಪಿಯುಸಿ ಪರೀಕ್ಷೆ ಮುಗಿಸಿದ ಇಪ್ಪತ್ತು ಮಕ್ಕಳು ಏಪ್ರಿಲ್ ಎರಡನೇ ವಾರ ತೋಟಕ್ಕೆ ಬರ್ತಾರೆ, ಅರ್ಧ ದಿನಕ್ಕೆ. ಮುಂದೆ ಏನು ಓದೋದು, ಮನೆಯವರು ಹೇಳಿದ್ದಾ ತಮಗೆ ಬೇಕಾದ್ದಾ ಅನ್ನೋ ತೊಳಲಾಟದ ವಯಸ್ಸು. ಮರಗಳ ಮುಂದೆ ನಿಲ್ಲಿಸಿ ಆಯ್ಕೆಯ ಬಗ್ಗೆ ಮಾತಾಡಿಸಬೇಕು ಅಂತಿದೆ. ಆದರೆ "ಮರದ ಹಾಗೆ ಬಾಗು, ಎಲೆಯ ಹಾಗೆ ಬಿಟ್ಟುಕೊಡು" ಅನ್ನೋ ಥರದ ಗೋಡೆಬರಹ ಬೇಡ. ಮರದಲ್ಲಿ ನಿಜವಾಗಿ ನಡೆಯೋದು, ಕಣ್ಣಿಗೆ ಕಾಣೋದು, ಸಾಧ್ಯವಾದರೆ ಅವರ ಕೈಯಲ್ಲೇ ಮಾಡಿಸಬಹುದಾದ್ದು ಬೇಕು.

ತೋಟದಲ್ಲಿ ಇರೋದು ಇಷ್ಟು:

ಆರು ವರ್ಷದ ಬೇವು. ನೆಲದಿಂದ ನಾಲ್ಕಡಿಗೆ ಎರಡು ಕವಲು, ಎರಡೂ ಮುಂಗೈ ದಪ್ಪ, ಎರಡೂ ನೆಟ್ಟಗೆ ಪೈಪೋಟಿಯಲ್ಲಿ ಮೇಲೆ ಹೋಗ್ತಿವೆ. ಎರಡೂ ಕೂಡುವ ಸಂದು, ಅಂದರೆ ಕವೆ, ತುಂಬ ಕಿರಿದು, ಬೆರಳು ತೂರಲ್ಲ.

ಎರಡು ವರ್ಷದ ಹಿಂದೆ ನೆಟ್ಟ ಬಾದಾಮಿ ಮಾವಿನ ಕಸಿ, ಆರು ಗಿಡ. ಎಲ್ಲದರಲ್ಲೂ ಹೀಚು ನಿಂತಿದೆ.

ರಸ್ತೆ ಬದಿಗೆ ಎರಡು ಹೊಂಗೆ. ತಂತಿಗೆ ತಾಗುತ್ತೆ ಅಂತ ತಲೆ ಕಡಿದು ಎರಡು ವರ್ಷ ಆಯ್ತು, ಈಗ ಪೊರಕೆ ಥರ ಚಿಗುರಿವೆ. ಹಿಂದೆ ನಾಲ್ಕು ಹಳೇ ತೆಂಗು.

ಯಾವ ಮರದ ಹತ್ತಿರ ಏನು ಮಾಡಿಸಲಿ? ಗಿಡಕ್ಕೂ ಪೆಟ್ಟಾಗಬಾರದು.

ಗರಗಸದಂಚು

ಬೇವಿನಿಂದಲೇ ಶುರು ಮಾಡಿ, ಅದರಲ್ಲಿ ಎಲ್ಲಾ ಇದೆ.

ಮೊದಲು ಮಕ್ಕಳಿಗೆ ಒಂದು ಪ್ರಶ್ನೆ ಹಾಕಿ: ಈ ಕವಲು ಈಗ ನಾಲ್ಕಡಿಯಲ್ಲಿದೆ, ಇಪ್ಪತ್ತು ವರ್ಷದ ಮೇಲೆ ಎಷ್ಟು ಎತ್ತರದಲ್ಲಿರುತ್ತೆ? ಹತ್ತಡಿ, ಹದಿನೈದಡಿ ಅಂತಾರೆ. ಉತ್ತರ ನಾಲ್ಕಡಿ. ಮರ ಎತ್ತರಕ್ಕೆ ಬೆಳೆಯೋದು ತುದಿಯಲ್ಲಿ ಮಾತ್ರ, ಕೆಳಗಿನ ಕಾಂಡ ದಪ್ಪ ಆಗುತ್ತೆ ಅಷ್ಟೆ. ಕಾಂಡಕ್ಕೆ ಹೊಡೆದ ಮೊಳೆ ಎಲ್ಲಿತ್ತೋ ಅಲ್ಲೇ ಉಳಿದು, ಕಡೆಗೆ ಒಳಗೆ ಹೂತುಹೋಗುತ್ತೆ. ಎಳೆತನದಲ್ಲಿ ಆದ ಕವಲು ತಾನಾಗಿ ಮೇಲೆ ಸರಿದು ಸರಿಹೋಗುತ್ತೆ ಅಂತ ಕಾಯೋದರಲ್ಲಿ ಅರ್ಥವಿಲ್ಲ ಅನ್ನೋದು ಅವರಿಗೆ ಅಲ್ಲೇ ಹೊಳೆಯುತ್ತೆ.

ಆಮೇಲೆ ಕವೆ ನೋಡಿಸಿ. ಬೆರಳು ತೂರಲ್ಲ ಅಂದರೆ ಎರಡು ಕವಲಿನ ತೊಗಟೆ ಒಳಮುಖವಾಗಿ ಮಡಚಿ ಮಧ್ಯೆ ಸಿಕ್ಕಿಕೊಂಡಿದೆ. ಅಲ್ಲಿ ಮರಕ್ಕೆ ಮರ ಬೆಸೆದಿಲ್ಲ, ತೊಗಟೆಗೆ ತೊಗಟೆ ಒತ್ತಿ ನಿಂತಿದೆ ಅಷ್ಟೆ. ವರ್ಷ ವರ್ಷ ಎರಡೂ ದಪ್ಪ ಆಗ್ತಾ ಒಂದನ್ನೊಂದು ತಳ್ಳುತ್ತವೆ. ಮುಂಗಾರಿಗೆ ಮುಂಚಿನ ಗಾಳಿಮಳೆಗೆ ಸೀಳೋದು ಇಂಥ ಕವೆಗಳೇ, ಸೀಳಿದರೆ ಬುಡದವರೆಗೂ ಸೀಳಬಹುದು. ಅಗಲವಾದ ಕವೆಗೆ ಈ ಭಯ ಕಡಿಮೆ. ಪಕ್ಕದ ಕೊಂಬೆ ಕಾಂಡದ ಅರ್ಧಕ್ಕಿಂತ ತೆಳ್ಳಗಿದ್ದರೆ ಕಾಂಡದ ನಾರು ಅದರ ಬುಡವನ್ನು ಸುತ್ತ ಹಿಡಿದುಕೊಳ್ಳುತ್ತೆ. ಎರಡೂ ಸಮ ದಪ್ಪ ಇದ್ದರೆ ಹಿಡಿಯೋರು ಯಾರೂ ಇಲ್ಲ.

ಈಗ ಆಯ್ಕೆ. ಯಾವುದನ್ನು ಉಳಿಸೋದು? ದಪ್ಪ ಇರೋದನ್ನೇ ಅಂತ ಹೇಳಬೇಡಿ. ಬುಡದ ನೇರಕ್ಕೆ ಯಾವುದು ನಿಂತಿದೆ, ಯಾವುದರ ತೊಗಟೆಯಲ್ಲಿ ಗಾಯ ಇಲ್ಲ, ಯಾವುದರ ತುದಿಮೊಗ್ಗು ಗಟ್ಟಿಯಾಗಿದೆ, ಇವು ಮೂರನ್ನು ನೋಡಲಿ. ಐದೈದು ಜನರ ಗುಂಪು ಮಾಡಿ ವಾದ ಮಾಡಿಸಿ. ಎರಡೂ ಸರಿಸಮ ಅಂತ ಬಂದರೂ ಒಂದನ್ನು ಹೇಳಲೇಬೇಕು. ಅದು ಮುಖ್ಯ. ಒಳ್ಳೇದರಲ್ಲಿ ಒಳ್ಳೇದು ಯಾವುದು ಅಂತ ತಿಳಿಯದೆ ಆರು ವರ್ಷ ತಳ್ಳಿದ್ದಕ್ಕೇ ಕವೆ ಈ ಗತಿಗೆ ಬಂದಿರೋದು.

ಇನ್ನು ಸೋತ ಕವಲಿನ ವಿಚಾರ. ಇಲ್ಲಿ ಬಹಳ ಜನ ತಪ್ಪುತ್ತಾರೆ, ಗರಗಸ ತಂದು ಬುಡಕ್ಕೇ ಕೊಯ್ದುಬಿಡ್ತಾರೆ. ಮುಂಗೈ ದಪ್ಪದ ಕವಲನ್ನು ಬುಡಕ್ಕೆ ತೆಗೆದರೆ ಕಾಂಡದ ಅರ್ಧ ಮೈ ಗಾಯ. ಅರ್ಧ ತಲೆ ಹೋದ ಮರಕ್ಕೆ ಊಟ ಸಾಲದು, ಉಳಿದ ಕವಲು ಒಂದೇ ಸಲ ಗಾಳಿಗೆ ಒಡ್ಡಿಕೊಳ್ಳುತ್ತೆ. ಮಾಡಬೇಕಾದ್ದು ತಗ್ಗಿಸೋದು. ಸೋತ ಕವಲಿನ ಉದ್ದದಲ್ಲಿ ಮೂರನೇ ಒಂದು ಭಾಗ ಕತ್ತರಿಸಿ. ಮೊಂಡು ಬಿಡಬೇಡಿ, ಅಲ್ಲೇ ಇರುವ ಒಂದು ಪಕ್ಕದ ರೆಂಬೆಯ ತನಕ ಹಿಂದಕ್ಕೆ ಬನ್ನಿ. ಆ ರೆಂಬೆ ಕತ್ತರಿಸಿದ ಜಾಗದ ದಪ್ಪದ ಮೂರನೇ ಒಂದಾದರೂ ಇರಬೇಕು, ಇಲ್ಲದಿದ್ದರೆ ತುದಿ ಒಣಗುತ್ತೆ. ಮುಂದಿನ ವರ್ಷ ಮತ್ತೆ ಅಷ್ಟೇ. ಎಲೆ ಕಡಿಮೆ ಆದ ಕವಲು ನಿಧಾನಕ್ಕೆ ದಪ್ಪ ಆಗುತ್ತೆ, ಗೆದ್ದದ್ದು ಮುಂದೆ ಓಡುತ್ತೆ. ಎರಡು ಮೂರು ವರ್ಷದಲ್ಲಿ ಸೋತದ್ದು ಕಾಂಡದ ಅರ್ಧ ದಪ್ಪಕ್ಕೆ ಇಳಿಯುತ್ತೆ. ಆಗ ಅದನ್ನು ಕೊಂಬೆಯಾಗಿ ಇಟ್ಟುಕೊಳ್ಳಬಹುದು, ತೆಗೆಯೋದಾದರೂ ಗಾಯ ಚಿಕ್ಕದು. ಈ ಕವೆಯಲ್ಲಿ ತೊಗಟೆ ಸಿಕ್ಕಿಕೊಂಡಿರೋದರಿಂದ ಕೊನೆಗೆ ತೆಗೆಯೋದೇ ಕ್ಷೇಮ.

ಒಂದನ್ನು ಆರಿಸಿದರೆ ಇನ್ನೊಂದನ್ನು ಅವತ್ತೇ ಕಡಿದು ಹಾಕಬೇಕು ಅಂತ ಆ ವಯಸ್ಸಿನ ಮಕ್ಕಳು ನಂಬಿರ್ತಾರೆ. ಎಂಜಿನಿಯರಿಂಗ್ ಅಂದರೆ ಸಂಗೀತ ಬಿಡು, ಕೃಷಿ ಅಂದರೆ ಊರು ಬಿಡಬೇಡ. ಎರಡನ್ನೂ ಸಮ ಬೆಳೆಸಿದರೆ ಸೀಳು, ಒಂದನ್ನು ಒಂದೇ ಏಟಿಗೆ ಕಡಿದರೆ ದೊಡ್ಡ ಗಾಯ. ನಡುವೆ ತಗ್ಗಿಸೋದು ಅಂತ ಒಂದು ದಾರಿ ಇದೆ ಅಂತ ಅವರು ಕೈಯಾರೆ ನೋಡಲಿ.

ಏಪ್ರಿಲ್‌ನಲ್ಲಿ ಮಾತ್ರ ದೊಡ್ಡ ಕೊಯ್ತ ಬೇಡ. ಬೇವು ಹೊಸ ಎಲೆ, ಹೂವಿಗೆ ಕೂಡಿಟ್ಟದ್ದನ್ನೆಲ್ಲ ಆಗಷ್ಟೇ ಖರ್ಚು ಮಾಡಿರುತ್ತೆ. ಮಳೆಗಾಲದಲ್ಲೂ ಬೇಡ, ತುದಿಯಿಂದ ಒಣಗಿಸುವ ಶಿಲೀಂಧ್ರ ರೋಗ ನಮ್ಮ ಕಡೆ ಬೇವಿಗೆ ಜೋರು, ಹಸಿ ಗಾಯದಲ್ಲಿ ಇಳಿಯುತ್ತೆ. ಡಿಸೆಂಬರ್ ಕೊನೆಯಿಂದ ಜನವರಿ ಒಳಗೆ, ಹೊಸ ಚಿಗುರಿಗೆ ಮುಂಚೆ ಮಾಡಿ. ಏಪ್ರಿಲ್‌ನಲ್ಲಿ ಬಂದ ದಿನ ಮಕ್ಕಳು ಗೆದ್ದ ಕವಲಿಗೆ ಬಟ್ಟೆಪಟ್ಟಿ ಕಟ್ಟಲಿ, ಸೋತದ್ದರ ಎಳೆ ಕುಡಿಗಳನ್ನು ಮಾತ್ರ ಚಿವುಟಲಿ.

ಒಂಟಿಸುಳಿ

ಮೇಲಿನವರು ಹೇಳಿದ್ದು ಸರಿ. ಒಂದು ಮಾತು ಸೇರಿಸ್ತೀನಿ: ಆ ಪಟ್ಟಿ ಸಡಿಲವಾಗಿರಲಿ, ಕೆಲಸ ಮುಗಿದ ಮೇಲೆ ಬಿಚ್ಚಿಬಿಡಿ. ಮರೆತರೆ ಕಾಂಡ ದಪ್ಪ ಆಗ್ತಾ ಪಟ್ಟಿ ತೊಗಟೆ ಕಚ್ಚುತ್ತೆ, ಎಲೆಯಿಂದ ಬೇರಿಗೆ ಇಳಿಯೋ ಆಹಾರ ಅಲ್ಲೇ ನಿಲ್ಲುತ್ತೆ. ಆಸರೆ ಗೂಟಕ್ಕೂ ಇದೇ ಮಾತು. ವರ್ಷದ ಮೇಲೆ ಗೂಟ ಬೇಡ. ಗಾಳಿಗೆ ಅಲ್ಲಾಡಿದರೇ ಕಾಂಡದ ಬುಡ ದಪ್ಪ ಆಗೋದು, ಬೇರು ಹರಡೋದು.

ನನ್ನ ತಕರಾರು ಇಷ್ಟೆ: "ಮರ ಆಯ್ಕೆ ಮಾಡುತ್ತೆ" ಅಂತ ಮಕ್ಕಳಿಗೆ ಹೇಳಬೇಡಿ. ವಿಜ್ಞಾನ ಓದಿದ ಮಕ್ಕಳು, ತಕ್ಷಣ ಹಿಡೀತಾರೆ. ತುದಿಮೊಗ್ಗಿನಲ್ಲಿ ಆಕ್ಸಿನ್ ಅನ್ನೋ ಬೆಳವಣಿಗೆಯ ಹಾರ್ಮೋನು ತಯಾರಾಗಿ ಕೆಳಗೆ ಇಳಿಯುತ್ತೆ, ಅದು ಇಳಿಯುವ ತನಕ ಕೆಳಗಿನ ಮೊಗ್ಗುಗಳು ತೂಕಡಿಸುತ್ತವೆ. ತುದಿ ಹೋದರೆ ಎಚ್ಚರ ಆಗುತ್ತವೆ. ಸೇವಂತಿಗೆ ಬೆಳೆಯೋರು ನಾಟಿ ಮಾಡಿದ ನಾಲ್ಕು ವಾರಕ್ಕೆ ಕುಡಿ ಚಿವುಟೋದು ಇದಕ್ಕೇ. ಮಾರ್ಚ್ ಮೂರನೇ ವಾರ ಕುಂಡದಲ್ಲಿ ಒಂದೇ ವಯಸ್ಸಿನ ಎರಡು ತುಳಸಿ ಇಟ್ಟು, ಒಂದರ ಕುಡಿಯನ್ನು ಎರಡನೇ ಎಲೆಜೋಡಿಯ ಮೇಲೆ ಚಿವುಟಿ. ಮಕ್ಕಳು ಬರೋ ಹೊತ್ತಿಗೆ ಪಕ್ಕದ ಕುಡಿಗಳು ಎದ್ದಿರುತ್ತವೆ, ವ್ಯತ್ಯಾಸ ಮಾತಿಲ್ಲದೆ ಕಾಣುತ್ತೆ.

ಅದಾದ ಮೇಲೆ ತೆಂಗಿನ ಹತ್ತಿರ ಕರೆದುಕೊಂಡು ಹೋಗಿ. ಇದನ್ನು ಬಿಡಲೇಬೇಡಿ. ತೆಂಗು, ಅಡಿಕೆಗೆ ಇರೋದು ಒಂದೇ ಸುಳಿ, ಕಾಂಡದಲ್ಲಿ ಕಾಯ್ತಾ ಕೂತ ಬದಲಿ ಮೊಗ್ಗು ಇಲ್ಲ. ಸುಳಿಕೊಳೆ ಬಂದು ಸುಳಿ ಕಿತ್ತು ಬಂತೋ, ಕುರುವಾಯಿ ದುಂಬಿ ಬೆಳೆಯೋ ಮೊಳಕೆಯನ್ನೇ ತಿಂದಿತೋ, ಮರ ಮುಗೀತು. ಹಳೇ ತೆಂಗಿಗೆ ಹತ್ತೋರು ಕೊಚ್ಚಿದ ಮೆಟ್ಟಿಲ ಗುರುತು ಇದ್ದರೆ ಬೆರಳಿಟ್ಟು ಮುಟ್ಟಿಸಿ. ಐವತ್ತು ವರ್ಷ ಆದರೂ ಅದು ಮುಚ್ಚಲ್ಲ, ತೆಂಗಿಗೆ ತೊಗಟೆ ಕೆಳಗೆ ಹೊಸ ಮರ ಕಟ್ಟೋ ಪದರವೇ ಇಲ್ಲ. ಪಕ್ಕದ ಹೊಂಗೆಯಲ್ಲಿ ಎರಡು ವರ್ಷದ ಗಾಯದ ಸುತ್ತ ಉಂಗುರ ಕಟ್ಟಿರೋದು ನೋಡಲಿ.

ಬದುಕಿನಲ್ಲೂ ಕೆಲವು ತೀರ್ಮಾನ ಹೊಂಗೆಯ ಥರ, ಕೆಲವು ತೆಂಗಿನ ಥರ. ಕೋರ್ಸು ಬದಲಾಯಿಸೋದು ಹೊಂಗೆ, ವರ್ಷ ಹೋಗುತ್ತೆ ಆದರೆ ಚಿಗುರುತ್ತೆ. ಆರೋಗ್ಯ ಹಾಳು ಮಾಡಿಕೊಳ್ಳೋದು, ಮನೆಯ ಇದ್ದೊಂದು ಜಮೀನು ಮಾರಿ ಸೀಟು ತಗೊಳ್ಳೋದು ತೆಂಗಿನ ಸುಳಿ. ಯಾವುದು ಯಾವುದು ಅಂತ ಮಕ್ಕಳೇ ಚೀಟಿಯಲ್ಲಿ ಬರೆದು ಎರಡು ಮರದ ಬುಡದಲ್ಲಿ ಇಡಲಿ. ಹೆಸರು ಬೇಡ. ಈ ವಯಸ್ಸಿನ ಮಕ್ಕಳು ಹೊಂಗೆಯಂಥ ಸೋಲನ್ನು ತೆಂಗಿನ ಸೋಲು ಅಂತ ತಿಳಿದು ಕುಸಿಯೋದು ನೋಡಿದರೆ ಸಂಕಟ ಆಗುತ್ತೆ, ಅದಕ್ಕೇ ಇಷ್ಟು ಒತ್ತಿ ಹೇಳ್ತಿರೋದು.

ತೋಪಿನಂಚು

ಮಾವಿನ ಹೀಚು ತೆಗೆಸಿ. ಆರು ಗಿಡದ್ದೂ, ಪೂರ್ತಿ.

ಕಸಿಗೆ ತಂದ ಕುಡಿ ಹಣ್ಣು ಬಿಡೋ ಮರದ್ದು. ಅದರ ವಯಸ್ಸು ದೊಡ್ಡ ಮರದ ವಯಸ್ಸು, ಹಾಗಾಗಿ ನೆಟ್ಟ ಮೊದಲ ವರ್ಷವೇ ಹೂ ಬಿಡುತ್ತೆ. ಬೇರು, ಕಾಂಡ ಮಾತ್ರ ಎಳೇವು. ಹೀಚು ಬಿಟ್ಟರೆ ಗಿಡ ಎಲ್ಲಾ ಕಾಯಿಗೆ ಸುರಿಯುತ್ತೆ, ಆ ವರ್ಷ ಹೊಸ ಚಿಗುರು ಬರಲ್ಲ, ತೆಳು ರೆಂಬೆ ಭಾರಕ್ಕೆ ಜೋತುಬಿದ್ದು ಆಕಾರ ಕೆಡುತ್ತೆ. ಮೊದಲ ಮೂರು ವರ್ಷ ಫಲ ತೆಗೆದು, ನಾಲ್ಕನೇ ವರ್ಷ ಗಿಡದ ಗಟ್ಟಿತನ ನೋಡಿ ಕೆಲವನ್ನು ಬಿಡೋದು ರೂಢಿ.

ಮಾಡೋ ಕ್ರಮ: ಕೈಗವಸು, ಕನ್ನಡಕ ಕಡ್ಡಾಯ. ತೊಟ್ಟು ಮುರಿದಾಗ ಸೊನೆ ಚಿಮ್ಮುತ್ತೆ, ಚರ್ಮ ಸುಡುತ್ತೆ, ಕಣ್ಣಿಗೆ ಬಿದ್ದರೆ ಅಪಾಯ. ಕಾಯಿ ಎಳೆದು ಕೀಳೋದು ಬೇಡ, ಹೂಗೊಂಚಲಿನ ಬುಡಕ್ಕೆ ಕತ್ತರಿ ಹಾಕಿ, ಕೆಳಗಿನ ಎಲೆಗಳಿಗೆ ತಾಗದ ಹಾಗೆ. ಒಂದು ಗಿಡ ಮುಗಿಸಿ ಇನ್ನೊಂದಕ್ಕೆ ಹೋಗುವಾಗ ಕತ್ತರಿ ಬಾಯಿಗೆ ಸ್ಪಿರಿಟ್ ಒರೆಸಿ. ಕಸಿಗಂಟಿನ, ಅಂದರೆ ಬುಡಕ್ಕೆ ಕುಡಿ ಬೆಸೆದ ಜಾಗದ, ಕೆಳಗೆ ಬಂದ ಚಿಗುರಿದ್ದರೆ ಅದನ್ನೂ ತೆಗೆಸಿ. ಅದು ಕಾಟುಮಾವಿನ ಬುಡದ್ದು. ಬಿಟ್ಟರೆ ಬಲವಾಗಿ ಬೆಳೆದು ಬಾದಾಮಿಯನ್ನೇ ನುಂಗುತ್ತೆ. ಗಿಡ ಹಸಿರಾಗಿ ಚೆನ್ನಾಗಿದೆ ಅಂತ ಕಾಣ್ತಾನೇ ಇರುತ್ತೆ, ಹಣ್ಣು ಬಂದಾಗ ಮಾತ್ರ ಬೇರೆಯದು ಅಂತ ಗೊತ್ತಾಗುತ್ತೆ. ತಮ್ಮ ಆಸೆ ಯಾವುದು, ಇನ್ನೊಬ್ಬರು ಹಚ್ಚಿದ ಆಸೆ ಯಾವುದು ಅಂತ ಯೋಚಿಸೋಕೆ ಕಸಿಗಂಟಿಗಿಂತ ಒಳ್ಳೇ ಜಾಗ ತೋಟದಲ್ಲಿ ಇಲ್ಲ. ಬೆರಳಿಟ್ಟು ಗಂಟು ಹುಡುಕಿಸಿ, ಮೊದಲ ಸಲ ಯಾರಿಗೂ ಬೇಗ ಸಿಗಲ್ಲ.

ಒಂದು ಎಚ್ಚರಿಕೆ. ಹೀಚು ಚೆಲ್ಲೋದು ಕೆಲವು ಮಕ್ಕಳಿಗೆ ನೋವಾಗುತ್ತೆ. ಮರ ತಾನೇ ಎಷ್ಟು ಚೆಲ್ಲುತ್ತೆ ಅಂತ ದೊಡ್ಡ ಮರದ ಕೆಳಗೆ ತೋರಿಸಿ. ಗೊಂಚಲಲ್ಲಿ ಸಾವಿರ ಹೂ ಇದ್ದರೆ ಹಣ್ಣಾಗೋದು ಒಂದೋ ಎರಡೋ. ಬಾದಾಮಿಯಂತೂ ಒಂದು ವರ್ಷ ಮೈತುಂಬ ಬಿಟ್ಟರೆ ಮರುವರ್ಷ ಸುಮ್ಮನಿರುತ್ತೆ, ಹಣ್ಣು ಹೊತ್ತ ರೆಂಬೆ ಮರುವರ್ಷಕ್ಕೆ ಬಲಿತ ಹೊಸ ಚಿಗುರು ಕೊಡೋದು ಕಷ್ಟ. ತೋತಾಪುರಿ, ನೀಲಂಗೆ ಈ ಸ್ವಭಾವ ಕಡಿಮೆ. ತೆಗೆದ ಹೀಚನ್ನು ತೊಳೆದು ಉಪ್ಪಿಗೆ ಹಾಕಿ ಮನೆಗೆ ಕಳಿಸಿ, ದಂಡ ಆಗಲ್ಲ.

ಬೇಲಿಸಾಲು

ತುಂಬ ಉಪಕಾರ ಆಯ್ತು. ಎರಡು ಅನುಮಾನ. ಹೊಂಗೆಯ ಪೊರಕೆ ಚಿಗುರಲ್ಲಿ ಮಕ್ಕಳು ಏನು ಮಾಡಬಹುದು? ಇನ್ನೊಂದು, ಕತ್ತರಿಸಿದ ಜಾಗಕ್ಕೆ ಸಗಣಿ, ಬಣ್ಣ ಬಳಿದರೆ ಗಾಯ ಬೇಗ ಮಾಯುತ್ತಾ?

ಗರಗಸದಂಚು

ಮರದ ಗಾಯ ಮಾಯೋದಿಲ್ಲ. ನಮ್ಮ ಚರ್ಮದ ಹಾಗೆ ಸತ್ತ ಭಾಗ ಹೋಗಿ ಹೊಸದು ಬರಲ್ಲ. ಅಮೆರಿಕದ ಅರಣ್ಯ ಇಲಾಖೆಯ ಅಲೆಕ್ಸ್ ಶಿಗೋ ಸಾವಿರಾರು ಮರ ಸೀಳಿ ನೋಡಿ 1977ರಲ್ಲಿ ಇದನ್ನು ವಿವರಿಸಿದರು: ಮರ ಗಾಯದ ಸುತ್ತ ನಾಲ್ಕು ಬಗೆಯ ಗೋಡೆ ಕಟ್ಟಿ ಕೊಳೆಯನ್ನು ಒಳಗೇ ಬಂಧಿಸುತ್ತೆ, ಹೊರಗೆ ಹೊಸ ಮರ ಬೆಳೆಸುತ್ತೆ. ಮೇಲೆ ಕೆಳಗೆ ಹರಡೋದನ್ನು ತಡೆಯೋ ಗೋಡೆ ಎಲ್ಲಕ್ಕಿಂತ ದುರ್ಬಲ, ಗಾಯದ ನಂತರ ಹುಟ್ಟಿದ ಮರವನ್ನು ಕಾಯೋ ಗೋಡೆ ಎಲ್ಲಕ್ಕಿಂತ ಗಟ್ಟಿ.

ಬಳಿಯೋದರಿಂದ ಗೋಡೆ ಬೇಗ ಏಳಲ್ಲ. ಕೊಯ್ಯೋ ಜಾಗ ಸರಿಯಿದ್ದರೆ ಏಳುತ್ತೆ. ಕೊಂಬೆ ಬುಡದಲ್ಲಿ ಸ್ವಲ್ಪ ಉಬ್ಬಿದ ಕೊರಳು ಇರುತ್ತೆ, ಅದರ ಹೊರಗೆ ಕೊಯ್ಯಬೇಕು. ಕಾಂಡಕ್ಕೆ ಸವರಿದ ಹಾಗೆ ಕೊಯ್ದರೆ ಗೋಡೆ ಕಟ್ಟೋ ಜಾಗವೇ ಹೋಯ್ತು. ಅರ್ಧ ಅಡಿ ಮೊಂಡು ಬಿಟ್ಟರೆ ಅದು ಕೊಳೆತು ಒಳಗೆ ದಾರಿ ಮಾಡುತ್ತೆ. ಭಾರದ ಕೊಂಬೆಗೆ ಮೂರು ಕೊಯ್ತ: ಒಂದಡಿ ದೂರದಲ್ಲಿ ಕೆಳಗಿನಿಂದ ಕಾಲು ಭಾಗ, ಅದರಿಂದ ಇನ್ನೂ ಎರಡಿಂಚು ಆಚೆ ಮೇಲಿನಿಂದ ಪೂರ್ತಿ, ಕೊನೆಗೆ ಕೊರಳಿನ ಹೊರಗೆ ಮೊಂಡು. ಹೀಗೆ ಮಾಡದಿದ್ದರೆ ಕೊಂಬೆ ಬೀಳುವಾಗ ಕಾಂಡದ ತೊಗಟೆ ಸುಲಿದುಕೊಂಡು ಹೋಗುತ್ತೆ. ಮಾವಿನಲ್ಲಿ ಮಾತ್ರ ದೊಡ್ಡ ಗಾಯಕ್ಕೆ ಬೋರ್ಡೋ ಮುಲಾಮು ಹಚ್ಚೋದು ರೂಢಿಯಲ್ಲಿದೆ, ಅದು ಶಿಲೀಂಧ್ರ ತಡೆಯೋಕೆ. 100 ಗ್ರಾಂ ಮೈಲುತುತ್ತ ಅರ್ಧ ಲೀಟರ್ ನೀರಲ್ಲಿ, 100 ಗ್ರಾಂ ಸುಣ್ಣ ಇನ್ನರ್ಧ ಲೀಟರಲ್ಲಿ, ಬೇರೆ ಬೇರೆ ಪ್ಲಾಸ್ಟಿಕ್ ಪಾತ್ರೆಯಲ್ಲಿ ಕರಗಿಸಿ ಕೂಡಿಸಿ. ಕಬ್ಬಿಣದ ಪಾತ್ರೆ ಬೇಡ, ಅವತ್ತೇ ಬಳಸಿ.

ಹೊಂಗೆ: ತಲೆ ಕಡಿದ ಮೇಲೆ ಬಂದ ಚಿಗುರಿಗೆ ಬೇರೂರಿದ ಬುಡ ಇಲ್ಲ, ಹೊರಗಿನ ತೆಳು ಪದರಕ್ಕೆ ಅಂಟಿಕೊಂಡಿವೆ. ಒಂದೊಂದು ಮೊಂಡಿನಲ್ಲಿ ದೂರ ದೂರ ಇರುವ ಎರಡೋ ಮೂರೋ ಉಳಿಸಿ, ಬಾಕಿಯಲ್ಲಿ ಮೂರನೇ ಒಂದನ್ನು ಈ ವರ್ಷ ತೆಗೆಯಿರಿ, ಉಳಿದದ್ದು ಮುಂದಿನ ಎರಡು ವರ್ಷಕ್ಕೆ. ಎಲ್ಲಾ ಒಂದೇ ದಿನ ಬೋಳಿಸಿದರೆ ಮತ್ತೆ ಅಷ್ಟೇ ಪೊರಕೆ ಏಳುತ್ತೆ. ತಂತಿ ಹತ್ತಿರ ಇರೋದರಿಂದ ಮಕ್ಕಳು ಹತ್ತೋದು, ಉದ್ದ ಕೋಲು ಹಿಡಿಯೋದು ಖಂಡಿತ ಬೇಡ. ಕೆಳಗಿಂದ ನೋಡಿ ಯಾವುದು ಉಳಿಯಲಿ ಅಂತ ಹೇಳಲಿ ಸಾಕು.

ಇನ್ನೊಂದು ನೆನಪಾಯ್ತು. ಸಾಮಿಲ್‌ನಲ್ಲಿ ಕೇಳಿ, ಹಳೇ ಕೊಂಬೆಯ ಗಂಟು ಇರುವ ಒಂದು ಅಡ್ಡಬಿಲ್ಲೆ ತಂದಿಡಿ, ಎರಡಿಂಚು ದಪ್ಪ ಸಾಕು. ಮೇಲ್ಮೈಯನ್ನು ಮರಳು ಕಾಗದದಲ್ಲಿ ತಿಕ್ಕಿ ನೀರು ಚಿಮುಕಿಸಿದರೆ ಕಪ್ಪಾದ ಗಂಟು, ಅದನ್ನು ಬಳಸಿಕೊಂಡು ಹೋದ ಬಿಳಿ ಪದರಗಳು ಎದ್ದು ಕಾಣುತ್ತವೆ. ಒಣಗಿದರೆ ಮಾಸುತ್ತೆ, ಪಕ್ಕದಲ್ಲಿ ಒಂದು ಚೊಂಬು ನೀರು ಇಟ್ಟಿರಿ.