ಅಡಿಕೆ ಅಂಗಡಿಯ ಲೆಕ್ಕದಲ್ಲಿ ಯಾವುದು ಬೋರ್ಡಿಗೆ, ಯಾವುದು ತಿಜೋರಿಗೆ?

ಪ್ರಶ್ನೆ (ಬದಿಯಡ್ಕದಿಂದ): ಸರ್, ನಮಸ್ಕಾರ. ನಮ್ಮದು ಅಡಿಕೆ ಖರೀದಿ ಅಂಗಡಿ, ಅಪ್ಪನ ಕಾಲದ್ದು. ಪೆರ್ಲ, ಎಣ್ಮಕಜೆ, ಮುಳ್ಳೇರಿಯ ಕಡೆಯಿಂದ ಸುಮಾರು 600 ಕೃಷಿಕರು ಬರುತ್ತಾರೆ. ಹೋದ ವಾರ ಒಂದು ಎಡವಟ್ಟಾಯಿತು. ದಿನಾ ಬೆಳಗ್ಗೆ ವಾಟ್ಸಾಪ್ ಗ್ರೂಪಿಗೆ ಚಾಲಿ, ಪಟೋರ, ಕೋಕ ಅಂತ ಅಡಿಕೆಯ ಒಂದೊಂದು ದರ್ಜೆಯ ರೇಟ್ ಹಾಕುತ್ತೇವೆ. ಹುಡುಗ ರೇಟಿನ ಫೈಲ್ ಅಂತ ಕೃಷಿಕರಿಗೆ ಕೊಟ್ಟ ಮುಂಗಡದ ಎಕ್ಸೆಲ್ ಹಾಕಿಬಿಟ್ಟ. ಎರಡಕ್ಕೂ 'ಅಡಿಕೆ ಹೊಸದು' ಅಂತಲೇ ಹೆಸರಿತ್ತು, ಅವನದ್ದು ಪೂರ್ತಿ ತಪ್ಪು ಅಂತ ಹೇಳುವ ಹಾಗೂ ಇಲ್ಲ. ಹತ್ತು ನಿಮಿಷದಲ್ಲಿ ಡಿಲೀಟ್ ಮಾಡಿದೆವು. ಆದರೂ ಮರುದಿನ ಒಬ್ಬರು ಹಿರಿಯರು ಬಂದು, ಹೆಚ್ಚು ಮಾತಾಡದೆ ಲೆಕ್ಕ ಚುಕ್ತಾ ಮಾಡಿ ಹೋದರು. ಅಪ್ಪನಿಗೆ ತುಂಬಾ ಬೇಜಾರಾಗಿದೆ. ಡೇಟಾವನ್ನು ವರ್ಗೀಕರಣ ಮಾಡಿ ಅಂತ ಸಿಎ ಹೇಳುತ್ತಾರೆ. ನೆಟ್‌ನಲ್ಲಿ ನೋಡಿದರೆ ಐದಾರು ದರ್ಜೆ, ದೊಡ್ಡ ದೊಡ್ಡ ಪಟ್ಟಿ. ನಾವು ಮೂರು ಜನ, ಎರಡು ಕಂಪ್ಯೂಟರ್. ನಮಗೆ ಇದರಲ್ಲಿ ಎಂತ ಬೇಕು, ಎಂತ ಬೇಡ?

ಉತ್ತರ: ನಾನು ಉಪ್ಪಳದವ, ಮಂಗಳೂರಿನಲ್ಲಿ ಈ ಡೇಟಾ ವರ್ಗೀಕರಣದ ಕೆಲಸವನ್ನೇ ಮಾಡುತ್ತೇನೆ. ಮೊದಲು ಒಂದು ವಿಷಯ ಹೇಳಿ. ಆ ಎಕ್ಸೆಲ್‌ನಲ್ಲಿ ಯಾವ ಯಾವ ಕಾಲಂ ಇತ್ತು?

ಪ್ರಶ್ನೆ ಕೇಳಿದವರು: ಹೆಸರು, ಮನೆ, ಮೊಬೈಲ್, ಬ್ಯಾಂಕ್ ಅಕೌಂಟ್ ನಂಬರ್, ಕೊಟ್ಟ ಮುಂಗಡ, ಬಾಕಿ. ಕೊನೆಗೆ ಷರಾ. ಅದರಲ್ಲಿ 'ಮಗಳ ಮದುವೆಗೆ', 'ಆಸ್ಪತ್ರೆಗೆ', 'ಮೂರನೇ ಸಲ ಕೇಳಿದ್ದು', ಹೀಗೆಲ್ಲ.

ಉತ್ತರ: ಅಲ್ಲೇ ಇದೆ ನೋಡಿ. ಆ ಹಿರಿಯರು ಸಿಟ್ಟಾದದ್ದು ಅಕೌಂಟ್ ನಂಬರಿಗಲ್ಲ, ಆ ಷರಾಕ್ಕೆ. ಅಕೌಂಟ್ ನಂಬರ್ ಪ್ರತಿ ಚೆಕ್ಕಿನಲ್ಲೂ ಇರುತ್ತದೆ. 'ಮೂರನೇ ಸಲ ಕೇಳಿದ್ದು' ಅಂತ ಊರಿಗೆಲ್ಲ ಗೊತ್ತಾದರೆ ಆ ಮನುಷ್ಯ ಮುಖ ಎತ್ತಿ ನಡೆಯುವುದು ಹೇಗೆ?

ಆದ್ದರಿಂದ ದರ್ಜೆ ಕೊಡುವಾಗ 'ಇದು ಎಷ್ಟು ಗುಟ್ಟು' ಅಂತ ಕೇಳಬೇಡಿ. 'ಇದು ಹೊರಗೆ ಹೋದರೆ ಯಾರಿಗೆ ಪೆಟ್ಟು, ಎಷ್ಟು ಪೆಟ್ಟು' ಅಂತ ಕೇಳಿ. ಐದಾರು ದರ್ಜೆ ದೊಡ್ಡ ಕಂಪೆನಿಗಳಿಗೆ, ನಿಮಗೆ ಮೂರು ಸಾಕು. ಬೋರ್ಡು, ಮೇಜು, ತಿಜೋರಿ. ಇವತ್ತಿನ ರೇಟ್, ಅಂಗಡಿಯ ಸಮಯ, ರಜೆ ಇವೆಲ್ಲ ಬೋರ್ಡಿನವು, ಯಾರು ಬೇಕಾದರೂ ನೋಡಲಿ. ತೂಕದ ಚೀಟಿ, ಲಾರಿ ಬಾಡಿಗೆ, ಗೋಣಿ ಲೆಕ್ಕ ಮೇಜಿನವು, ಅಂಗಡಿಯವರಿಗೆ ಮಾತ್ರ. ಮುಂಗಡ, ಅಕೌಂಟ್ ನಂಬರ್, ಆಧಾರ್ ಪ್ರತಿ, ಮತ್ತೆ ನೀವು ಹೊರಗಿನ ವ್ಯಾಪಾರಿಗೆ ಯಾವ ದರಕ್ಕೆ ಮಾರುತ್ತೀರಿ ಎನ್ನುವುದು ತಿಜೋರಿಯವು.

ಅಡಿಕೆಯನ್ನು ದರ್ಜೆ ಮಾಡಿ ನಿಮಗೆ ಅಭ್ಯಾಸ ಇದೆ, ಆದರೆ ಇಲ್ಲಿ ಎರಡು ವ್ಯತ್ಯಾಸ ಇದೆ. ಒಮ್ಮೆ ಪಟೋರ ಅಂತ ಬೇರೆ ಹಾಕಿದ್ದು ಮತ್ತೆ ಚಾಲಿ ಆಗುವುದಿಲ್ಲ, ಡೇಟಾದ ದರ್ಜೆ ಮಾತ್ರ ಗಂಟೆಗಂಟೆಗೆ ಬದಲಾಗಬಹುದು. ನಾಳೆಯ ರೇಟ್ ಇವತ್ತು ರಾತ್ರಿ ತಿಜೋರಿಯದ್ದು, ಬೆಳಗ್ಗೆ ಬೋರ್ಡಿನದ್ದು. ಇನ್ನೊಂದು, ಸುಮ್ನೆ ಬಿಡಿಬಿಡಿಯಾಗಿ ಇದ್ದಾಗ ಏನೂ ಅಲ್ಲದ್ದು ಒಟ್ಟು ಸೇರಿದಾಗ ತೂಕ ಬರುತ್ತದೆ. ಒಬ್ಬರ ಮೊಬೈಲ್ ನಂಬರ್ ಯಾರ ಹತ್ತಿರವೂ ಇರುತ್ತದೆ. 600 ಜನರ ನಂಬರ್, ಜೊತೆಗೆ ಯಾರಿಗೆ ಎಷ್ಟು ದುಡ್ಡು ಬರಬೇಕು ಅಂತ ಒಂದೇ ಷೀಟಿನಲ್ಲಿ ಸಿಕ್ಕಿದರೆ ಮೋಸ ಮಾಡುವವನಿಗೆ ಬೇರೆ ಎಂತ ಬೇಕು? 'ನಿಮ್ಮ ಅಡಿಕೆ ದುಡ್ಡು 1,84,000 ರೂಪಾಯಿ ನಿಂತಿದೆ, ಈ ಲಿಂಕ್ ಒತ್ತಿ' ಅಂತ ಸರಿಯಾದ ಮೊತ್ತ ಹೇಳಿದರೆ ನೀವೂ ನಂಬುತ್ತೀರಿ. ಗ್ರೂಪಿನಲ್ಲಿ ಇವತ್ತೇ ಒಂದು ಎಚ್ಚರಿಕೆ ಹಾಕಿ. ಯಾರಾದರೂ ದುಡ್ಡು ಕಳಕೊಂಡರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಲಿ.

ಒಂದು ಫೈಲಿನಲ್ಲಿ ಹತ್ತು ಕಾಲಂ ಮೇಜಿನದ್ದು, ಒಂದು ತಿಜೋರಿಯದ್ದು ಇದ್ದರೆ ಆ ಫೈಲ್ ತಿಜೋರಿಯದ್ದೇ. ಬೇಡ ಅಂದರೆ ಆ ಕಾಲಂ ಬೇರೆ ಮಾಡಿ. ಫೈಲ್ ಹೆಸರಿನ ಮೊದಲಿಗೇ ದರ್ಜೆ ಬರೆಯಿರಿ. ನಿಮ್ಮಲ್ಲಿ ತಪ್ಪಾದದ್ದು ಹೆಸರಿನಲ್ಲಿ ಅಲ್ವಾ?

ಮಂಜೇಶ್ವರದಿಂದ ಇನ್ನೊಬ್ಬರು: ನಮ್ಮ ಅಂಗಡಿಯ ಹುಡುಗರಿಗೆ ಕನ್ನಡ ಓದಲು ಬರುವುದಿಲ್ಲ ಮಾರಾಯ್ರೆ, ಮಲಯಾಳ ಮಾತ್ರ. ಬೋರ್ಡು, ತಿಜೋರಿ ಅಂತ ಬರೆದರೆ ಉಪಯೋಗ ಇಲ್ಲ.

ಉತ್ತರ: ಒಳ್ಳೆ ಮಾತು. 1, 2, 3 ಅಂತ ಬರೆಯಿರಿ. 1 ಎಲ್ಲರಿಗೂ, 2 ಅಂಗಡಿಗೆ, 3 ಧಣಿಗೆ. '3 ಮುಂಗಡ' ಅಂತ ಫೈಲ್ ಇದ್ದರೆ ಯಾವ ಭಾಷೆಯವನೂ ಗ್ರೂಪಿಗೆ ಹಾಕುವ ಮೊದಲು ಒಮ್ಮೆ ನಿಲ್ಲುತ್ತಾನೆ. 3 ಇದ್ದದ್ದು ವಾಟ್ಸಾಪಿಗೆ ಹೋಗಲೇಬಾರದು, ಇದೊಂದು ನಿಯಮ ಗಟ್ಟಿ ಮಾಡಿ.

ಪ್ರಶ್ನೆ ಕೇಳಿದವರು: ತಿಜೋರಿಯದ್ದಕ್ಕೆ ಬೀಗ ಹೇಗೆ? ಎಕ್ಸೆಲ್‌ನಲ್ಲಿ ಪ್ರೊಟೆಕ್ಟ್ ಷೀಟ್ ಹಾಕಿದ್ದೇನೆ.

ಉತ್ತರ: ಅದು ಬೀಗ ಅಲ್ಲ, ಯಾರಾದರೂ ಕೈತಪ್ಪಿ ತಿದ್ದದ ಹಾಗೆ ಹಾಕಿದ ಚಿಲಕ ಅಷ್ಟೆ. ಫೈಲ್, ಇನ್ಫೋಗೆ ಹೋಗಿ 'ಎನ್‌ಕ್ರಿಪ್ಟ್ ವಿತ್ ಪಾಸ್‌ವರ್ಡ್' ಕೊಡಿ, ಅದು ನಿಜವಾದ ಬೀಗ. ಟ್ಯಾಲಿಯಲ್ಲಿ ಟ್ಯಾಲಿವಾಲ್ಟ್ ಇದೆ, ಆದರೆ ಜಾಗ್ರತೆ, ಅದರ ಪಾಸ್‌ವರ್ಡ್ ಮರೆತರೆ ಡೇಟಾ ವಾಪಸ್ ಸಿಗುವುದಿಲ್ಲ. ಕಾಗದದಲ್ಲಿ ಬರೆದು ಅಪ್ಪನ ಕಬ್ಬಿಣದ ಕಪಾಟಿನಲ್ಲಿಡಿ, ಮಾನಿಟರಿಗೆ ಅಂಟಿಸಬೇಡಿ. ವಿಂಡೋಸ್ ಪ್ರೊ ಇದ್ದರೆ ಬಿಟ್‌ಲಾಕರ್‌ನಿಂದ ಬ್ಯಾಕಪ್ ಪೆನ್‌ಡ್ರೈವಿಗೂ ಬೀಗ ಹಾಕಬಹುದು. ತಿಜೋರಿಯ ಫೈಲಿನ ಬ್ಯಾಕಪ್ ಕೂಡ ತಿಜೋರಿಯದ್ದೇ, ಅದು ಗಲ್ಲೆಯಲ್ಲಿ ಚಿಲ್ಲರೆ ಜೊತೆ ಬಿದ್ದಿರಬಾರದು.

ಆಧಾರ್ ಪ್ರತಿ ನಿಮಗೆ ಯಾಕೆ ಬೇಕು ಅಂತ ಒಮ್ಮೆ ಯೋಚಿಸಿ. ಕಾರಣ ಇಲ್ಲದಿದ್ದರೆ ಅಳಿಸಿ. ಇದ್ದರೆ ಕೊನೆಯ 4 ಅಂಕೆ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೇಳಿ. ಜಿಎಸ್‌ಟಿ ಲೆಕ್ಕ ಮಾತ್ರ ಅಳಿಸಬೇಡಿ, ಆ ವರ್ಷದ ವಾರ್ಷಿಕ ರಿಟರ್ನ್ ಗಡುವಿನಿಂದ 72 ತಿಂಗಳು ಇಡಲೇಬೇಕು.

ಕುಂಬಳೆಯಿಂದ ಒಬ್ಬರು: ಇದಕ್ಕೆಲ್ಲ ಕಾನೂನು ಉಂಟಾ, ಅಥವಾ ದೊಡ್ಡವರಿಗೆ ಮಾತ್ರವಾ?

ಉತ್ತರ: ಉಂಟು. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ. ನಿಯಮಗಳು 2025ರ ನವೆಂಬರಿನಲ್ಲಿ ಬಂದವು, ಮುಖ್ಯ ಕಟ್ಟುಪಾಡುಗಳಿಗೆ 18 ತಿಂಗಳ ಸಮಯ ಕೊಟ್ಟಿದ್ದಾರೆ. ಡೇಟಾ ಕಾಪಾಡದಿದ್ದರೆ ದಂಡ 250 ಕೋಟಿವರೆಗೂ ಹೋಗಬಹುದು. ಅದು ಗರಿಷ್ಠ ಮಿತಿ, ಅಡಿಕೆ ಅಂಗಡಿಗೆ ನೇರ ಅಷ್ಟೇ ಹಾಕುತ್ತಾರೆ ಅಂತ ಹೆದರಬೇಡಿ. ಕಾಗದದ ಪುಸ್ತಕದಲ್ಲೇ ಇರುವುದಕ್ಕೆ ಇದು ತಾಗುವುದಿಲ್ಲ, ಅದನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಹಾಕಿದರೆ ತಾಗುತ್ತದೆ. ಸೋರಿಕೆ ಆದರೆ ಆ ಡೇಟಾ ಯಾರದ್ದೋ ಅವರಿಗೆ ತಿಳಿಸಬೇಕು ಅಂತಲೂ ಇದೆ. ಬದಿಯಡ್ಕದವರು ಕಾನೂನಿಗೆ ಕಾಯದೆ ಆ ಹಿರಿಯರ ಮನೆಗೆ ಹೋಗಿ ಬರುವುದು ಒಳ್ಳೆಯದು.

ಪ್ರಶ್ನೆ ಕೇಳಿದವರು: ನಿನ್ನೆ ಅಪ್ಪನೂ ನಾನೂ ಹೋಗಿ ಬಂದೆವು ಸರ್. ಚಾ ಕೊಟ್ಟರು, ಆದರೆ ಅಡಿಕೆ ತರುತ್ತೇನೆ ಅಂತ ಹೇಳಲಿಲ್ಲ. ಷರಾ ಕಾಲಂ ಪೂರ್ತಿ ತೆಗೆದೆ. "ಅದೆಲ್ಲ ನನಗೆ ಬಾಯಿಪಾಠ ಇತ್ತು, ಬರೆದಿಡು ಅಂತ ನಿನಗೆ ಹೇಳಿದ್ದು ಯಾರು" ಅಂತ ಅಪ್ಪ ಬೈದರು.

ಉತ್ತರ: ಅಪ್ಪ ಹೇಳಿದ್ದು ಸರಿ. ಹಳೇ ಷೀಟ್ ಪೆನ್‌ಡ್ರೈವಿನ ಬ್ಯಾಕಪ್‌ನಲ್ಲಿ ಇನ್ನೂ ಇರುತ್ತದೆ, ಅಲ್ಲಿಂದಲೂ ತೆಗೆಯಿರಿ. ಹುಡುಗನ ಫೋನಿನ ಡೌನ್‌ಲೋಡ್ ಫೋಲ್ಡರ್ ಒಮ್ಮೆ ನೋಡಿ.